ಶೀಟಿನ ಪುಡಿ

ನಂಬಿ ಎಂದು ಯಾರನ್ನೂ ಬಲವಂತ ಮಾಡುವುದಿಲ್ಲ. ಗುಬ್ಬಿಯ ನಮ್ಮ ಮನೆಯಲ್ಲಿ ಕೇಬಲ್ ಎಳೆಯಲೆಂದು ಹಿಂದಿನ ಕೋಣೆಯ ಹಳೇ ಸಿಮೆಂಟ್ ಶೀಟಿಗೆ ಡ್ರಿಲ್ ಹಾಕಿದೆ. ಬಿಳಿ ಪುಡಿ ನೆಲದ ತುಂಬ ಉದುರಿತು.

"ಕಲ್ನಾರು ಕಣೋ, ಆಸ್ಬೆಸ್ಟಾಸ್! ಪೊರಕೆ ಮುಟ್ಟಿಸ್ಬೇಡ, ಎದೆಗಿಳಿದ್ರೆ ಉಳಿಗಾಲ ಇಲ್ಲ," ಎಂದ ಹಿರೇಹಳ್ಳಿಯಲ್ಲಿ ಶೀಟ್ ಕೆಲಸ ಮಾಡಿದ್ದ ಗೆಳೆಯ ಪ್ರಭುದೇವ. ನೀರು ಚಿಮುಕಿಸಿ, ಕಿಟಕಿಯಿಲ್ಲದ ಆ ಕೋಣೆಗೆ ಬೀಗ ಜಡಿದು, ಕೀಲಿಯನ್ನು ತಾನೇ ಒಯ್ದ.

ಬೆಳಿಗ್ಗೆ ಅವನೇ ಬಂದು ಬೀಗ ತೆಗೆದ. ಒದ್ದೆ ಪುಡಿಯಲ್ಲಿ ಮೂರು ಬೆರಳು ಎಳೆದ ಗುರುತಿತ್ತು, ವಿಭೂತಿ ತೆಗೆದುಕೊಂಡ ಹಾಗೆ. ಪ್ರಭುದೇವ ನನ್ನ ಮುಖವನ್ನೇ ದಿಟ್ಟಿಸಿದ. ನನಗೆ ಅನುಮಾನ ಬಂದದ್ದು ಅಮ್ಮನ ಮೇಲೆ.

"ನಿಜ ಹೇಳಮ್ಮ, ಒಳಗೆ ಹೋಗಿದ್ಯಾ?"

"ಕೀಲಿ ಅವನ ಹತ್ರ ಇತ್ತಲ್ಲೋ! ಅದಿರ್ಲಿ, ಸ್ನಾನ ಮಾಡ್ದೆ ನೀನ್ಯಾಕೆ ವಿಭೂತಿ ಇಟ್ಕೊಂಡಿದೀಯ?"

ಹಣೆ ಮುಟ್ಟಿಕೊಂಡೆ. ಪುಡಿ ಇನ್ನೂ ಒದ್ದೆಯಾಗಿತ್ತು.