ಫೋಟೋಗೆ ಹೊದಿಸಿದ ರಗ್ಗು

ಅವನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮುಖ ಚೆನ್ನಾಗಿಯೂ ಇತ್ತು ಎನ್ನುವುದು ಇನ್ನೊಂದು ಉರಿ.

ನಾನು ಸರ್ಕಾರದ ಅನುದಾನದಲ್ಲಿ ನಡೆಯುವ ವೃದ್ಧಾಶ್ರಮದ ನರ್ಸ್. ಅವನು ಆಶ್ರಮದ ವಾರ್ಷಿಕ ವರದಿಗೆ ಫೋಟೋ ತೆಗೆಯುವವನು. ಅಜ್ಜಿಯರು ಅವನಿಗೆ ಇಟ್ಟ ಹೆಸರು ಸ್ಮೈಲಪ್ಪ. ಪ್ರತಿ ಚಳಿಗಾಲದಲ್ಲೂ ಅವನು ಬರುವ ದಿನ ಸ್ಟೋರ್ ರೂಮಿನಿಂದ ರಗ್ಗುಗಳು ಹೊರಬರುತ್ತಿದ್ದವು. ಕಾರ್ಯದರ್ಶಿ ತಮ್ಮ ಕೈಯಾರೆ ಒಬ್ಬೊಬ್ಬರ ಹೆಗಲಿಗೂ ಹೊದಿಸುತ್ತಿದ್ದರು. ಕ್ಲಿಕ್! ಕ್ಯಾಮೆರಾ ಬ್ಯಾಗಿಗೆ ಸೇರಿದ್ದೇ ತಡ, ರಗ್ಗುಗಳು ಮತ್ತೆ ಒಳಗೆ. ಹೊಸ ರಗ್ಗಿಗೆಂದು ಅನುದಾನ ಮಾತ್ರ ವರ್ಷವರ್ಷವೂ ಬರುತ್ತಿತ್ತು.

ಈ ಸಲ ಒಬ್ಬ ಅಜ್ಜ ನ್ಯುಮೋನಿಯಾದಲ್ಲಿ ಹೋಗಿಬಿಟ್ಟರು. ರಗ್ಗು ಇದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ನಾನು ಡಾಕ್ಟರಲ್ಲ. ಆದರೆ ಹಳೇ ಬೆಡ್‌ಶೀಟು ಸುತ್ತಿಕೊಂಡು ನಡುಗುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಲಾಖೆಗೆ ದೂರು ಕೊಟ್ಟೆ.

ವಿಚಾರಣೆಯ ಹಿಂದಿನ ದಿನ ಅವನ ಸ್ಟುಡಿಯೋಗೇ ನುಗ್ಗಿದೆ.

"ನಾಳೆ ಬಂದು ನಿಜ ಹೇಳಿ."

"ಕೂತ್ಕೊಳ್ಳಿ. ನೀರು ಬೇಕಾ?"

"ನೀರು ಕುಡಿಯೋಕೆ ಬಂದಿಲ್ಲ!"

"ಗೊತ್ತು. ಮೂಗಿನ ತುದಿ ಕೆಂಪಾಗಿದೆ. ಸಿಟ್ಟು ಬಂದ್ರೆ ನಿಮ್ಗೆ ಮೊದಲು ಕೆಂಪಾಗೋದು ಅದೇ."

ಇದನ್ನೆಲ್ಲ ಇವನು ಯಾವಾಗ ನೋಡಿಟ್ಟುಕೊಂಡ? ಕೆನ್ನೆಯೂ ಬಿಸಿಯಾಯಿತು. ಹಾಳಾದ್ದು!

ಅವನು ನೆಲ ನೋಡುತ್ತ ಹೇಳಿದ. "ಬೆಳಕು ಸರಿಯಿಲ್ಲ, ಇನ್ನೊಂದು ಫೋಟೋ, ಮತ್ತೊಂದು ಫೋಟೋ ಅಂತ ಬೇಕಂತ್ಲೇ ತಡ ಮಾಡ್ತಿದ್ದೆ. ಎಳೆದಷ್ಟು ಹೊತ್ತು ಅವ್ರು ಬೆಚ್ಚಗಿರ್ಲಿ ಅಂತ."

ಸುಳ್ಳೇಕೆ ಹೇಳಲಿ, ಒಂದು ಕ್ಷಣ ಕರಗಿಹೋದೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

"ಅಂದ್ರೆ ನಿಮ್ಗೆ ಎಲ್ಲಾ ಗೊತ್ತಿತ್ತು! ಒಂದು ಮಧ್ಯಾಹ್ನ ಬೆಚ್ಚಗಿಟ್ಟು ಚಳಿಗಾಲ ಪೂರ್ತಿ ನಡುಗೋಕೆ ಬಿಟ್ರಲ್ಲ, ಅದಕ್ಕೆ ನಾನು ಚಪ್ಪಾಳೆ ತಟ್ಬೇಕಾ?"

"ನಂಗೆ ಬರೋ ಅರ್ಧ ಕೆಲಸ ಕಾರ್ಯದರ್ಶಿಗಳ ಕಡೆಯಿಂದ್ಲೇ. ಅಕ್ಕ, ಅಕ್ಕನ ಮಕ್ಳು ನನ್ನನ್ನೇ ನಂಬ್ಕೊಂಡಿದಾರೆ."

"ಹಾಗಾದ್ರೆ ಆ ಕಾರ್ಯದರ್ಶಿ ಮೂಗನ್ನೇ ನೋಡ್ಕೊಂಡಿರಿ." ಬಾಗಿಲನ್ನು ಧಡಾರನೆ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತೆ.

ವಿಚಾರಣೆ ಆಶ್ರಮದ ಊಟದ ಹಾಲಿನಲ್ಲೇ ನಡೆಯಿತು. ಕಾರ್ಯದರ್ಶಿ ಅಧಿಕಾರಿಯ ಮುಂದೆ ಫೋಟೋಗಳನ್ನು ಹರಡಿದರು. "ನೋಡಿ ಸರ್, ಹೇಗೆ ನಗ್ತಿದಾರೆ! ಈ ಹುಡುಗಿಗೆ ಅದೇನು ದ್ವೇಷವೋ."

ಮುಂದಿನ ಸಾಲಿನ ಅಜ್ಜಿ ಎದ್ದು ನಿಂತರು. "ನನ್ನ ಹೆಗಲಿಂದ ಈ ರಗ್ಗನ್ನ ಎಳ್ಕೊಂಡಿದ್ದು ನೀನೇ ಅಲ್ವೇನಪ್ಪಾ?"

"ಪಾಪ, ಅರಳು ಮರಳು," ಕಾರ್ಯದರ್ಶಿ ನಕ್ಕರು.

ನನ್ನ ರಕ್ತ ಕುದಿಯಿತು. ಅಧಿಕಾರಿ ನನ್ನತ್ತ ತಿರುಗಿದರು. "ಬೇರೆ ಯಾರಾದ್ರೂ ನೋಡಿದೋರು ಇದಾರೇನಮ್ಮ?"

"ನಾನಿದೀನಿ."

ಬಾಗಿಲಲ್ಲಿ ಸ್ಮೈಲಪ್ಪ ನಿಂತಿದ್ದ. "ಈ ಫೋಟೋ ತೆಗೆದೋನು ನಾನೇ ಸರ್. ಹೊದಿಸಿದ್ದನ್ನ ಫೋಟೋ ತೆಗೆದೆ, ಕಿತ್ಕೊಂಡಿದ್ದನ್ನ ನೋಡ್ಕೊಂಡು ಸುಮ್ನೆ ಹೋದೆ. ಎಲ್ಲಾ ವರ್ಷಾನೂ ಅವೇ ರಗ್ಗುಗಳು. ಸ್ಟೋರ್ ರೂಮು ಈಗ್ಲೇ ತೆಗೆಸಿ."

"ನಾಳೆಯಿಂದ ನಿಂಗೆ ಒಂದು ಕೆಲಸಾನೂ ಹುಟ್ಟಲ್ಲ, ನೆನಪಿರ್ಲಿ!" ಕಾರ್ಯದರ್ಶಿ ಕೂಗಾಡಿದರು.

"ಗೊತ್ತು ಸರ್."

ಬೀಗ ತೆಗೆಸಿದರು. ಒಳಗೆ ಹೊಸ ರಗ್ಗು ಒಂದೂ ಇರಲಿಲ್ಲ, ಇದ್ದದ್ದು ಫೋಟೋದಲ್ಲಿದ್ದವೇ. ಲೆಕ್ಕ ಒಪ್ಪಿಸುವವರೆಗೆ ಕಾರ್ಯದರ್ಶಿ ಆಶ್ರಮಕ್ಕೆ ಕಾಲಿಡಕೂಡದು ಎಂದು ಅಧಿಕಾರಿ ಅಲ್ಲೇ ಆದೇಶ ಮಾಡಿದರು. ರಗ್ಗುಗಳನ್ನು ನಾನೇ ಹಂಚಿದೆ.

ವರಾಂಡಕ್ಕೆ ಬಂದಾಗ ಅವನು ಕಾಯುತ್ತಿದ್ದ.

"ಸಿಟ್ಟು ಇಳೀತಾ?"

"ಇಲ್ಲ. ಆ ಅಜ್ಜ ಇರುವಾಗ ಹೇಳ್ಬೇಕಿತ್ತು ನೀವು."

ಅವನ ಕಣ್ಣು ತುಂಬಿತು. ಒರೆಸಿಕೊಂಡು ಹೇಳಿದ. "ನೀವಂದ್ರೆ ನಂಗೆ ಪ್ರಾಣ. ಕೆಲಸ ಹೋಯ್ತು, ಕೇಳೋ ಯೋಗ್ಯತೆ ಮೊದಲೇ ಇರ್ಲಿಲ್ಲ. ಆದ್ರೂ ಹೇಳ್ಬಿಟ್ಟೆ."

"ನಂಗೂ ನೀವಂದ್ರೆ ಇಷ್ಟ. ಅದಕ್ಕೇ ಇಷ್ಟು ಸಿಟ್ಟು! ಆದ್ರೆ ಕ್ಷಮಿಸೋಕೆ ನಾನ್ಯಾರು? ಆ ಅಜ್ಜನಿಗೆ ಮಗಳಿದಾಳೆ. ಇಲ್ಲಿ ಹೇಳಿದ್ದನ್ನ ಮೊದಲು ಅವಳ ಮುಂದೆ ಹೋಗಿ ಹೇಳಿ."

"ಒಬ್ನೇ ಹೋಗೋಕೆ ಧೈರ್ಯ ಇಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. "ನಡೀರಿ," ಎಂದೆ, "ನಾನೂ ಬರ್ತೀನಿ."