ಕೊನೆಯ ಸಾಲು

"ಇವು ನಿಂತಿವೆಯಾ, ಓಡಿಹೋಗ್ತಿವೆಯಾ?"

ಪ್ರೆಸ್ಸಿಗೆ ಬಂದ ಅಪರಿಚಿತನ ಹಾಳೆ ನೋಡಿ ಅವಳು ಆಡಿದ ಮೊದಲ ಮಾತೇ ಇದು! ಅಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು. ಒಂದು ಗೆರೆ ಬೆರಳಿನಷ್ಟು ದಪ್ಪ, ಪಕ್ಕದ್ದು ಕೂದಲೆಳೆಯಷ್ಟು ತೆಳು.

"ನಡೀತಿವೆ... ಸ್ವಲ್ಪ ಠೀವಿಯಿಂದ," ಎಂದ ಅವನು. ಕಿವಿ ಕೆಂಪಾಗಿತ್ತು.

ಹೊಸ ಅಕ್ಷರಗಳಿಗೆ ರೂಪ ಕೊಡುವುದು ಅವನ ಕೆಲಸ. ಅಪ್ಪನ ಪ್ರೆಸ್ಸಿನಲ್ಲಿ ಯಂತ್ರ ನೋಡಿಕೊಳ್ಳುವುದು ಅವಳದು. ಅವಳು ಮನಸ್ಸಿನಲ್ಲೇ ಅವನಿಗೆ 'ವಾಲುರಾಯ' ಎಂದು ಹೆಸರಿಟ್ಟಳು.

ಆರು ತಿಂಗಳು, ಪ್ರತಿ ಶುಕ್ರವಾರ ಅವನು ಅಕ್ಷರಗಳನ್ನು ತಂದ. ಅವಳು ಅಚ್ಚು ಹಾಕಿ ತಪ್ಪು ಹುಡುಕಿದಳು.

"ಇದರ ಬಾಲ ಜಾಸ್ತಿಯಾಯ್ತು."

"ಕತ್ತರಿಸ್ತೀನಿ."

"ಇದಕ್ಕೆ ಹೊಟ್ಟೆ ಬಂದಿದೆ!"

"ಕರಗಿಸ್ತೀನಿ ಬಿಡಿ."

ಶುಕ್ರವಾರ ಬಂತೆಂದರೆ ಅವಳ ಕಣ್ಣು ಬಾಗಿಲಿಗೇ ನೆಟ್ಟಿರುತ್ತಿತ್ತು. ಅಪ್ಪ ಕನ್ನಡಕದ ಮೇಲಿಂದ ನೋಡಿ ಸುಮ್ಮನೆ ಕೆಮ್ಮುತ್ತಿದ್ದರು.

ಕಡೆಗೆ ಎಲ್ಲ ಅಕ್ಷರಗಳನ್ನೂ ತೋರಿಸುವ ಮಾದರಿ ಹಾಳೆ ಸಿದ್ಧವಾಯಿತು. "ಕೊನೆ ಸಾಲನ್ನೂ ನೋಡಿ ಹೇಳಿ," ಎಂದವನೇ ಅವನು ಹೊರಟುಬಿಟ್ಟ.

ಆ ಸಾಲು ಇರುವೆ ಗಾತ್ರದ್ದು. ಅಚ್ಚಾದಾಗ ತೆಳು ಗೆರೆಗಳೆಲ್ಲ ಮಾಯವಾಗಿ ಬರೀ ಗೀಟುಗಳು ಉಳಿದವು. ದೊಡ್ಡ ಶೀರ್ಷಿಕೆಗೆಂದೇ ಮಾಡಿದ ಅಕ್ಷರ ಇಷ್ಟು ಚಿಕ್ಕದಾದರೆ ನಿಲ್ಲುತ್ತದೆಯೇ? ಇಷ್ಟೂ ಗೊತ್ತಿಲ್ಲವೇ ಇವನಿಗೆ! ಅವಳು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಇದು ಬೇಡ, ತೆಗೆಯಿರಿ' ಎಂದು ಬರೆದು ಪ್ರೂಫ್ ಕಳಿಸಿದಳು.

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ.

ಕೆಲಸ ಮುಗೀತು ಅಂತ ನನ್ನನ್ನೂ ಮರೆತರಾ...?

ಆಮೇಲೊಂದು ದಿನ ಅವನ ಫೋನ್ ಬಂತು. "ಹಾಳೆ ಬೇರೆ ಕಡೆ ಅಚ್ಚು ಹಾಕಿಸ್ತೀನಿ. ನೀವು ಹೇಳಿದ ಹಾಗೆ ಆ ಸಾಲು ತೆಗೆದೆ. ಇನ್ಮೇಲೆ ತೊಂದರೆ ಕೊಡಲ್ಲ."

ತೊಂದರೆಯಾ? ಒಂದು ಸಾಲಿಗೆ ಇಷ್ಟು ನೋವಾ? ಅಂಥದ್ದೇನಿತ್ತು ಅದರಲ್ಲಿ?

ಕುತೂಹಲ ತಡೆಯದೆ ಅವನ ಹಳೆಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದಳು. ಆ ಸಾಲನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು... ತೆಳು ಗೆರೆಗಳು ಒಂದೊಂದಾಗಿ ಮೂಡಿಬಂದವು.

'ಶುಕ್ರವಾರ ಮಾತ್ರ ಸಾಲದು. ಉಳಿದ ದಿನಗಳೂ ನಿಮ್ಮ ಜೊತೆ ಬೇಕು. ಆಗಬಹುದಾ?'

ಅಯ್ಯೋ... ಇದಕ್ಕಾ ನಾನು ಬೇಡ ಅಂದಿದ್ದು!

ಯಂತ್ರ ಹಿಡಿಯುವಷ್ಟು ದೊಡ್ಡ ಹಾಳೆ ಹಾಕಿ, ಅವನದೇ ಅಕ್ಷರದಲ್ಲಿ ಒಂದೇ ಪದ ಅಚ್ಚು ಹಾಕಿದಳು.

ಅಪ್ಪ ಬಂದು ಓದಿದರು. "ಯಾರ ಆರ್ಡರಮ್ಮ ಇದು?"

"ನನ್ನದೇ ಅಪ್ಪ."

ಈ ಸಲ ಅವರು ಕೆಮ್ಮಲಿಲ್ಲ. "ಶಾಯಿ ಇನ್ನೂ ಒಣಗಿಲ್ಲ, ಹುಷಾರಾಗಿ ತಗೊಂಡು ಹೋಗು," ಎಂದರು.

ಅವನು ತನ್ನ ಮನೆ ಬಾಗಿಲು ತೆರೆದಾಗ ಕಂಡದ್ದು ಒಂದು ಹಾಳೆ, ಅದನ್ನು ಹಿಡಿದ ಮಸಿ ಮೆತ್ತಿದ ಎರಡು ಕೈಗಳು.

'ಆಗಬಹುದು!'

"ಇಷ್ಟು ದೊಡ್ಡದಾಗಾ?" ಎಂದ ಅವನು.

"ನಿಮ್ಮ ಅಕ್ಷರದಲ್ಲಿ ಸಣ್ಣದಾಗಿ ಹೇಳಿದ್ರೆ ಕಾಣಲ್ಲ ರೀ! ಅವತ್ತು ನಂಗೆ ಓದೋಕೇ ಆಗ್ಲಿಲ್ಲ..." ಹಾಳೆಯ ಹಿಂದೆ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಅವನು ಮೆಲ್ಲಗೆ ಹಾಳೆ ಸರಿಸಿ ಅವಳ ಮುಖ ನೋಡಿದ.

"ಇವತ್ತು ಮಂಗಳವಾರ ಅಲ್ವಾ?"

"ಹೌದು. ಅದಕ್ಕೇ ಬಂದೆ."