ಕಂಬಳಿ ಹಾಸಿದ ದಾರಿ

ಮಾರ್ಗಶಿರದ ಮಂಜು ಕನಕಪುರವನ್ನು ಇಡಿಯಾಗಿ ನುಂಗಿ ಕೂತಿದ್ದ ಒಂದು ಭಾನುವಾರ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ, ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಮೊದಲು ಒಂದು ಕೆಂಪು ಮಫ್ಲರ್ ಕಂಡಿತು, ಆಮೇಲೆ ಅದನ್ನು ಸುತ್ತಿಕೊಂಡ ಮನುಷ್ಯ ಕಂಡ. ಇನ್‌ಸ್ಪೆಕ್ಟರ್ ಜಯಕುಮಾರ್ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಮಂಜು ಬಿದ್ದ ದಿನ ಸಾಹೇಬರ ದೇಹ ಮಾತ್ರ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬರುತ್ತದೆ, ಮನಸ್ಸು ಬರುವುದು ಬಿಸಿಲೇರಿದ ಮೇಲೆ ಎಂದು ಹೆಡ್ ಕಾನ್‌ಸ್ಟೆಬಲ್ ಸಮದ್ ತಮಾಷೆ ಮಾಡುವುದುಂಟು. ಅವತ್ತು ಮನಸ್ಸೂ ಬೇಗ ಬರಬೇಕಾಯಿತು.

“ಸಾರ್, ನಾನು ಲೋಕೇಶ್. ಊರಾಚೆ ಹಿರಿಯರ ಆರೈಕೆ ಕೇಂದ್ರ ಐತಲ್ಲ, ಅದರ ಮ್ಯಾನೇಜರು. ನಮ್ಮಲ್ಲಿ ಒಬ್ರು ಅಜ್ಜಿ ಕಾಣ್ತಾ ಇಲ್ಲ.”

“ಹೆಸರು?”

“ಭದ್ರಮ್ಮ. ಎಂಬತ್ತರ ಹತ್ರ. ಮರೆವಿನ ಕಾಯಿಲೆ.”

“ಎಲ್ಲೋ ನಡ್ಕೊಂಡು ಹೋಗಿರ್ತಾರೆ.”

“ಅದೇ ಸಾರ್ ಸಮಸ್ಯೆ. ಅವರಿಗೆ ನಡೆಯಕ್ಕಾಗಲ್ಲ. ಒಂದು ವರ್ಷದಿಂದ ನೆಲಕ್ಕೆ ಕಾಲೇ ಇಟ್ಟಿಲ್ಲ. ವೀಲ್‌ಚೇರ್ ಇದ್ದ ಜಾಗದಲ್ಲೇ ಐತೆ.”

ಜಯಕುಮಾರ್ ಲೋಟ ಕೆಳಗಿಟ್ಟರು. ನಡೆಯಲಾರದ ಮುದುಕಿ ತಾನಾಗಿ ಹೋಗಿರಲಾರಳು, ಯಾರೋ ಒಯ್ದಿದ್ದಾರೆ. ಈ ಚಳಿಯಲ್ಲಿ ಹಣ್ಣಾದ ಜೀವ ಎಷ್ಟು ಹೊತ್ತು ತಡೆದೀತು? ಬುದ್ಧಿ ಸ್ತಿಮಿತದಲ್ಲಿಲ್ಲದವರನ್ನು ಪೋಷಕರ ವಶದಿಂದ ಒಯ್ದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಜಯಕುಮಾರರ ಜೊತೆ ಸಮದ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ನವ್ಯಶ್ರೀ ಜೀಪು ಹತ್ತಿದರು. ರಸ್ತೆ ಕಾಣದ ದಾರಿಯಲ್ಲಿ ಜೀಪು ತೇಲಿಕೊಂಡು ಹೋದ ಹಾಗೆ ಹೋಯಿತು.

ಕೇಂದ್ರದ ಒಳಗೆ ಕಾಲಿಟ್ಟ ಜಯಕುಮಾರ್ ಹೊಸ್ತಿಲಲ್ಲೇ ಅರೆಗಳಿಗೆ ನಿಂತರು. ಉದ್ದನೆಯ ಹಜಾರಕ್ಕೆ ಊರಿನ ಕ್ವಾರಿಯ ಕಪ್ಪು ಗ್ರಾನೈಟು ಹಾಸಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿಸಿದ್ದರು. ಕಿಟಕಿಯ ಮಂಜು, ಮಂಚದ ಕಾಲುಗಳು, ಉರಿಯುವ ದೀಪ ಎಲ್ಲವೂ ಅದರೊಳಗೆ ತಲೆಕೆಳಗಾಗಿ ಇಳಿದಿದ್ದವು. ನೋಡಲು ಬಲು ಚೆಂದ ಎನ್ನಿಸಿತು ಅವರಿಗೆ.

ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಶುರುವಾಯಿತು. ಭದ್ರಮ್ಮನನ್ನು ಮಂಚಕ್ಕೆ ಬಿಗಿಯುತ್ತಿದ್ದ ಅಗಲ ಬೆಲ್ಟನ್ನು ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ಮಂಚದ ಬುಡದಿಂದ ಹಿಂಬಾಗಿಲವರೆಗೆ ಕಂಬಳಿಗಳು ಒಂದಕ್ಕೊಂದು ಅಂಚು ತಾಗಿಸಿಕೊಂಡು ಸಾಲಾಗಿ ಬಿದ್ದಿದ್ದವು.

“ಇದೇನು?”

“ಒಗೆಯಕ್ಕೆ ಹಾಕಿದ್ದು ಇರಬೇಕು ಸಾರ್,” ಎಂದ ಲೋಕೇಶ್.

ಒಗೆಯುವ ಬಟ್ಟೆಯನ್ನು ಯಾವ ಪುಣ್ಯಾತ್ಮ ಇಷ್ಟು ನೀಟಾಗಿ ಹಾಸುತ್ತಾನೆ! ಸಮದ್ ಸಾಹೇಬರ ಕಿವಿಯ ಹತ್ತಿರ ಬಾಗಿದ. “ಸದ್ದಾಗದಂಗೆ ಎಳ್ಕೊಂಡು ಹೋಗಿದಾರಾ ಸಾರ್? ಹೆಣಾನ?”

ಜಯಕುಮಾರ್ ಕಂಬಳಿಗಳ ಸಾಲಿನುದ್ದಕ್ಕೂ ಕಣ್ಣಾಡಿಸಿದರು. ಅವರೂ ಅದನ್ನೇ ಯೋಚಿಸಿದ್ದರು. ಆದರೆ ಎಳೆದಿದ್ದರೆ ಕಂಬಳಿ ಮುದುರಬೇಕಿತ್ತು, ಒಂದೂ ಮುದುರಿರಲಿಲ್ಲ. ಹಿಂಬಾಗಿಲ ಆಚೆ ಇಬ್ಬನಿಗೆ ನೆಂದ ಮಣ್ಣಿನಲ್ಲಿ ನವ್ಯಶ್ರೀ ಕೂತು ಕರೆದಳು. ಒಂದು ಜೊತೆ ಚಪ್ಪಲಿಯ ಗುರುತು, ಅದರ ಮಗ್ಗುಲಲ್ಲೇ ಒಂದು ಜೊತೆ ಬರಿಗಾಲಿನದು. ಬರಿಗಾಲು ಚಿಕ್ಕದು, ಬೆರಳು ಅಗಲವಾಗಿ ಹರಡಿದ್ದವು. ಎರಡೂ ಜೊತೆ ಹಿತ್ತಲ ಗೇಟಿನವರೆಗೆ ಹೋಗಿ, ಆಟೊ ಚಕ್ರದ ಗುರುತಿನ ಬಳಿ ನಿಂತಿದ್ದವು. ಸಮದ್‌ನನ್ನು ಆಟೊ ಸ್ಟ್ಯಾಂಡಿಗೆ ಅಟ್ಟಿ, ಜಯಕುಮಾರ್ ಲೋಕೇಶನ ಕಡೆ ತಿರುಗಿದರು.

“ನಡೆಯಕ್ಕಾಗಲ್ಲ ಅಂತ ಹೇಳಿದ್ದು ಯಾರು?”

“ನಮ್ಮ ಅಸೆಸ್‌ಮೆಂಟ್ ಸಿಸ್ಟರು, ಭಾನುಪ್ರಿಯ. ಇಲ್ಲಿ ಸೇರಿದವರು ಕೈಯಾರೆ ಉಣ್ತಾರಾ, ನಡೀತಾರಾ, ನೆನಪು ಎಷ್ಟೈತೆ, ಎಲ್ಲಾ ಅವರೇ ನೋಡೋದು. ಡಾಕ್ಟ್ರು, ಫಿಸಿಯೋದವರು, ಮನೆಯವರು, ಎಲ್ರನ್ನೂ ಕೇಳಿ ಒಂದು ತೀರ್ಮಾನಕ್ಕೆ ತರ್ತಾರೆ. ಅದರ ಮೇಲೇ ನಾವು ಮಂಚ, ಊಟ, ಆಯಾ ಗೊತ್ತು ಮಾಡೋದು.”

“ಎಲ್ಲವ್ರೆ ಆಕೆ?”

“ರಜಾ ಹಾಕಿದಾರೆ. ಫೋನು ಸ್ವಿಚ್ಡ್ ಆಫ್.”

ಅಷ್ಟರಲ್ಲಿ ಭದ್ರಮ್ಮನ ಮಗಳು ವರಲಕ್ಷ್ಮಿ ಕಬ್ಬಾಳಿನಿಂದ ಬಂದಿಳಿದಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಕೈಯನ್ನೂ ತೊಳೆಯದೆ ಓಡಿ ಬಂದಿದ್ದಳು. ಬರಿದಾದ ಮಂಚವನ್ನು ಆ ಕೈಯಲ್ಲೇ ತಡವಿ ನೋಡಿದಳು. ನವ್ಯಶ್ರೀ ನೀರು ಕುಡಿಸಿ ಕೂರಿಸಿದಳು.

“ಯಾರ ಮೇಲಾದ್ರೂ ಅನುಮಾನ ಐತಾ?” ಜಯಕುಮಾರ್ ಕೇಳಿದರು.

“ಯಾರ ಮ್ಯಾಲೆ ಸಾರ್? ನಮ್ಮವ್ವ ಕುರಿ ಮೇಯಿಸ್ಕೊಂಡು ಬೆಟ್ಟದ ಬುಡದಲ್ಲೇ ಬಾಳ್ದೋಳು. ಮರೆವು ಸುರುವಾದ ಮ್ಯಾಲೆ ರಾತ್ರೋರಾತ್ರಿ ಎದ್ದು ಕುರಿ ಹುಡುಕ್ಕೊಂಡು ಹೊಂಟೋಗ್ಬುಡೋಳು. ಎಲ್ಲಿ ಕೆರೆ ಪಾಲಾಗ್ತಾಳೋ ಅಂತ ನಂಗೆ ಭಯ. ಅದ್ಕೇ ಇಲ್ಲಿ ಬುಟ್ಟೆ.”

“ಕೆರೆ ಹತ್ರ ಹೋಗ್ತಿದ್ರಾ?”

“ಅವಳಾಗಿ ಹೋಗ್ತಿರ್ಲಿಲ್ಲ. ಹಿಂದೆ ಎರಡು ಮರಿ ಅವಳ ಕಣ್ಮುಂದೇನೇ ನೀರಲ್ಲಿ ಮುಳುಗೋಗಿದ್ವು. ಅವತ್ತಿಂದ ನೀರು ಕಂಡ್ರೆ ಅಲ್ಲೇ ನಿಂತ್ಬುಡೋಳು. ಆದ್ರೂ ಕತ್ತಲಲ್ಲಿ ಏನು ಗ್ಯಾರಂಟಿ ಸಾರ್? ಇಲ್ಲಿಗೆ ಬಂದು ಕಾಲೇ ಬಿದ್ದೋದ್ವು ಅಂದ್ರು. ಹಣೆಬರಹ ಅಂತ ಸುಮ್ಕಾದೆ.”

ಜಯಕುಮಾರರ ತಲೆಯಲ್ಲಿ ಏನೋ ಅರ್ಧ ಎದ್ದು ಮತ್ತೆ ಮಲಗಿತು. ಆಯಾ ಬೈರಮ್ಮನನ್ನು ಕರೆದರು. ಅವಳು ಸೆರಗಿನ ತುದಿ ತಿರುಚುತ್ತಾ ಗೋಡೆಗಂಟಿ ನಿಂತಳು.

“ನೀನು ಅಜ್ಜಿ ನಡೆದಿದ್ದು ನೋಡಿದೀಯಾ?”

ಬೈರಮ್ಮ ಲೋಕೇಶನ ಮುಖ ನೋಡಿದಳು. ಜಯಕುಮಾರ್ ಅವನಿಗೆ ಆಚೆ ಹೋಗುವಂತೆ ಸನ್ನೆ ಮಾಡಿದರು.

“ನೋಡಿವ್ನಿ ಸ್ವಾಮಿ. ಹೋದ ವಾರ ಸುಣ್ಣ ಬಳಿಯೋರು ಬಂದಿದ್ರು. ನೆಲ ಕೊಳೆ ಆಗ್ಬಾರ್ದು ಅಂತ ಉದ್ದಕ್ಕೂ ಗೋಣಿತಾಟು ಹಾಸಿದ್ರು. ನಾನು ಬೆಲ್ಟು ಬಿಚ್ಚಿ ಮೈ ಒರೆಸ್ತಿದ್ದೆ. ಅಜ್ಜಿ ಕೆಳೀಕೆ ನೋಡಿದ್ದೇ ತಡ, ಇಳಿದು ಮಂಚ ಹಿಡ್ಕೊಂಡು, ಒಸಿ ಒಸಿ ಹೆಜ್ಜೆ ಹಾಕ್ಕೊಂಡು ಕಿಟಕಿಗಂಟ ಹೊಂಟೋಯ್ತು. ಸಿಸ್ಟ್ರವ್ವ ಅಲ್ಲೇ ಇದ್ರು. ಅಂಗೇ ನೆಲದ ಮ್ಯಾಲೆ ಕುಂತ್ಕೊಂಡು ಅತ್ತುಬುಟ್ರು.”

“ಮೊದಲೆಲ್ಲ ಇಳಿಸೋಕೆ ಹೋದ್ರೆ ಅಜ್ಜಿ ಏನು ಹೇಳೋರು?”

“ಇನ್ನೇನು, ‘ನೀರೈತೆ, ನೀರೈತೆ’ ಅನ್ನೋರು. ಮರೆವಿನ ಮಾತು ಅಂತ ನಾವು ಕಿವಿಗೇ ಹಾಕ್ಕೊತಿರ್ಲಿಲ್ಲ.”

ಜಯಕುಮಾರ್ ತಲೆ ತಗ್ಗಿಸಿದರು. ಕಾಲ ಕೆಳಗೆ, ಕಪ್ಪು ಕಲ್ಲಿನಲ್ಲಿ, ಮಂಜು ನಿಧಾನವಾಗಿ ಅಲುಗುತ್ತಿತ್ತು. ಅದರೊಳಗಿಂದ ಅವರದೇ ಮುಖ ಅವರನ್ನು ನೋಡಿತು. ತಾನು ಈಗ ಒಂದು ಕೆರೆಯ ನಡುವೆ ನಿಂತಿದ್ದೇನೆ ಎಂದು ಒಂದು ಗಳಿಗೆ ಅವರಿಗೆ ನಿಜವಾಗಿಯೂ ಅನ್ನಿಸಿ, ಹೆಜ್ಜೆ ಎತ್ತಲು ಅಂಜಿಕೆಯಾಯಿತು. ಚೆಂದ ಎಂದುಕೊಂಡಿದ್ದ ನೆಲ ಅದು. ಅಯ್ಯೋ ಪಾಪ, ಮುದುಕಿ ವರ್ಷವಿಡೀ ಇದ್ದದ್ದನ್ನೇ ಹೇಳಿದ್ದಳು, ಮನೆ ತುಂಬ ಜನರಿದ್ದೂ ಒಬ್ಬರೂ ಬಗ್ಗಿ ನೆಲ ನೋಡಿರಲಿಲ್ಲ.

“ಸಿಸ್ಟರ್ ಇದನ್ನ ಮ್ಯಾನೇಜರಿಗೆ ಹೇಳಲಿಲ್ವಾ?”

“ಹೇಳಿದ್ರು ಸ್ವಾಮಿ. ಒಂದಿನ ಎದ್ದ ಮಾತ್ರಕ್ಕೆ ಎಲ್ಲಾ ಬದಲಾಯಿಸಕ್ಕಾಗಲ್ಲ, ಮುಂದಿನ ಅಸೆಸ್‌ಮೆಂಟಿಗೆ ನೋಡೋಣ ಅಂದ್ರು ಮ್ಯಾನೇಜರು. ನಾಳೆ ಅಜ್ಜೀನ ಮಹಡಿ ಮೇಲಿನ ವಾರ್ಡಿಗೆ ಹಾಕೋರಿದ್ರು. ಅಲ್ಲಿಗೆ ಹೋದೋರು ಕೆಳಗೆ ಇಳಿದಿದ್ದು ನಾ ಕಾಣೆ.”

ಸಮದ್ ಸ್ಟ್ಯಾಂಡಿನಿಂದ ಗಣೇಶ್ ಎಂಬ ಡ್ರೈವರನ್ನು ಕರೆತಂದ. “ಬೆಳಕು ಹರಿಯೋ ಮುಂಚೆ ಬಂದಿದ್ದೆ ಸಾರ್. ಸಿಸ್ಟರು ಕರೆದಿದ್ರು. ಅಜ್ಜಿ ನಡ್ಕೊಂಡೇ ಬಂದು ಹತ್ತಿದ್ಲು. ಕಬ್ಬಾಳಿಗೆ ಬಿಟ್ಟು ಬಂದೆ.”

“ಕಬ್ಬಾಳಲ್ಲಿ ಎಲ್ಲಿ?”

“ಊರಾಚೆ, ಬೆಟ್ಟದ ಕಡೆ ಕಾಲುದಾರಿ ತಿರುಗ್ತದಲ್ಲ, ಅಲ್ಲಿ.”

ವರಲಕ್ಷ್ಮಿ ದಡಕ್ಕನೆ ಎದ್ದಳು. “ಅಲ್ಲಿಂದ ಮುಂದಕ್ಕೆ ನಮ್ಮ ಚಿಕ್ಕಪ್ಪ ಗಂಗಯ್ಯನ ಕುರಿ ಹಟ್ಟಿ ಐತೆ ಸಾರ್. ಅವ್ವನ ಕುರಿ ಈಗ ಅವರ ತಾವೇ ಇರೋದು.”

ಹನ್ನೊಂದು ಗಂಟೆಯಾದರೂ ಕಬ್ಬಾಳದುರ್ಗದ ನೆತ್ತಿ ಕಾಣುತ್ತಿರಲಿಲ್ಲ. ಜೀಪನ್ನು ತಿರುವಿನಲ್ಲೇ ಬಿಟ್ಟು ಎಲ್ಲರೂ ನಡೆದರು. ಅವರೆ ಹೂವಿನ ಸೊಗಡು ಗಾಳಿಯಲ್ಲಿ ಒದ್ದೆಯಾಗಿ ತೇಲುತ್ತಿತ್ತು. ಮೊದಲು ಕುರಿಗಳ ಸದ್ದು ಕೇಳಿತು, ಆಮೇಲೆ ಒಂದೊಂದೇ ಬೆನ್ನು ಮಂಜಿನಿಂದ ಮೂಡಿ ಬಂತು. ಅವುಗಳ ನಡುವೆ, ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲೂರಿಕೊಂಡು, ಒಬ್ಬಳು ಮುದುಕಿ ಹೋಗುತ್ತಿದ್ದಳು. ಹೆಜ್ಜೆ ಸಣ್ಣದು, ಆದರೆ ತಡವರಿಕೆಯಿರಲಿಲ್ಲ. ಅವಳ ಹಿಂದೆ ಒಬ್ಬಳು ಹೆಂಗಸು, ಎಡವಿದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ಬರುತ್ತಿದ್ದಳು. ಕನಸಿನಿಂದ ಎಬ್ಬಿಸಿದ ಪಾಪ ತನಗೇ ಸುತ್ತೀತು ಎಂಬಂತೆ ಜಯಕುಮಾರ್ ಕೂಗದೆ ನಿಂತರು.

ವರಲಕ್ಷ್ಮಿ ಓಡಿಹೋಗಿ ತಾಯಿಯ ಎದುರು ನಿಂತಳು.

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಒಸಿ ಆ ಕಡೆ ನಿಂತ್ಕಳವ್ವ. ಮರಿ ಬೆದರ್ತವೆ,” ಎಂದಳು.

ವರಲಕ್ಷ್ಮಿ ಸರಿದು ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ತಾಯಿಗೆ ತನ್ನ ಗುರುತು ಸಿಗದಿದ್ದದ್ದಕ್ಕೆ ಅತ್ತಳೋ, ತಾಯಿ ನಡೆಯುವುದನ್ನು ಕಂಡು ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಭಾನುಪ್ರಿಯ ಓಡಲು ನೋಡಲಿಲ್ಲ. ಹಟ್ಟಿಯ ಬೇಲಿಯ ಬಳಿ ಕಲ್ಲಿನ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

“ಮನೆಯವರ ಒಪ್ಪಿಗೆ ತಗೊಂಡಿದ್ರಾ?”

“ಇಲ್ಲ ಸಾರ್.”

“ಯಾಕೆ? ಮಗಳಿಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ.”

“ಏನಂತ ಮಾಡ್ಲಿ ಸಾರ್? ನಡೆಯಲ್ಲ ಅಂತ ತೀರ್ಮಾನ ಮಾಡಿದ್ದೇ ನಾನು. ಕೆಳಗಿಳೀರಿ ಅಂದೆ, ಕಾಲು ಮೇಲಕ್ಕೆ ಎಳ್ಕೊಂಡ್ರು. ನೀರೈತೆ ಅಂದ್ರು. ಅದನ್ನೂ ಮರೆವಿನ ಲೆಕ್ಕಕ್ಕೇ ಸೇರಿಸಿದೆ. ಡಾಕ್ಟ್ರೂ ನನ್ನ ಮಾತು ನಂಬಿದ್ರು. ಆಮೇಲೆ ಬೆಲ್ಟು ಬಂತು. ನಡೆಯೋ ಕಾಲನ್ನ ವರ್ಷ ಪೂರ್ತಿ ಕಟ್ಟಿ ಮಲಗಿಸಿದೀನಿ ಅಂತ ಅವರ ಮಗಳಿಗೆ ಯಾವ ಬಾಯಲ್ಲಿ ಹೇಳ್ಲಿ? ಅವರ ಮನೆ ಬಾಗಿಲಿಗೆ ನಡೆಸ್ಕೊಂಡೇ ಹೋಗಿ ನಿಲ್ಲಿಸಿ, ಆಮೇಲೆ ಕಾಲಿಗೆ ಬೀಳೋಣ ಅಂತಿದ್ದೆ. ದಾರೀಲಿ ಕುರಿ ಸದ್ದು ಕೇಳಿ ಅಜ್ಜಿ ಈ ಕಡೆ ತಿರುಗಿದ್ರು. ತಡೆಯೋಕೆ ಮನಸ್ಸು ಬರಲಿಲ್ಲ.”

ಜಯಕುಮಾರ್ ನವ್ಯಶ್ರೀಯನ್ನು ಹತ್ತಿರ ಕರೆದರು. “ಎಫ್‌ಐಆರ್ ಆಗಿದೆಯಮ್ಮ. ದಸ್ತಗಿರಿ ಮಾಡಲೇಬೇಕು. ಜಾಮೀನು ಸಿಗೋ ಕಲಮು. ಕೆಲಸದ ವಿಷಯ ನನ್ನ ಕೈಲಿಲ್ಲ.”

“ಗೊತ್ತು ಸಾರ್. ಇನ್ನು ಯಾರೂ ನನ್ನ ಅಸೆಸ್‌ಮೆಂಟ್ ನಂಬಲ್ಲ,” ಎಂದು ಅವಳು ಎದ್ದು ನಿಂತಳು. ಮಧ್ಯಾಹ್ನ ಹನ್ನೆರಡೂಕಾಲಿಗೆ ನವ್ಯಶ್ರೀ ಅವಳನ್ನು ದಸ್ತಗಿರಿ ಮಾಡಿ, ಕಾರಣ ತಿಳಿಸಿ, ಸಹಿ ತೆಗೆದುಕೊಂಡಳು. ಬೆಲ್ಟಿನ ಸಂಗತಿಯ ಮೇಲೆ ಲೋಕೇಶನ ಹೇಳಿಕೆಯನ್ನು ಬೇರೆಯಾಗಿ ಪಡೆಯಬೇಕೆಂದು ಜಯಕುಮಾರ್ ಸಮದ್‌ಗೆ ಹೇಳಿದರು.

ಕಾನೂನಿನ ಪ್ರಕಾರ ಭದ್ರಮ್ಮನ ವೈದ್ಯಕೀಯ ತಪಾಸಣೆ ಆಗಬೇಕಿತ್ತು. ಎಲ್ಲರನ್ನೂ ಒಂದೇ ಜೀಪಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಬಂದರು. ಆಗ ತಾನೇ ನೆಲ ಒರೆಸಿದ್ದರು. ಮೋಡದ ಮರೆಯಿಂದ ಇಣುಕಿದ ಬಿಸಿಲು ಟೈಲ್ಸಿನ ಮೇಲೆ ಬಿದ್ದು ಥಳಥಳ ಎನ್ನುತ್ತಿತ್ತು.

ಬಾಗಿಲಲ್ಲಿ ಭದ್ರಮ್ಮ ನಿಂತುಬಿಟ್ಟಳು. ಕೋಲನ್ನು ಎದೆಗವುಚಿಕೊಂಡು, “ನೀರೈತೆ,” ಎಂದಳು.

ವಾರ್ಡ್ ಬಾಯ್ ಸ್ಟ್ರೆಚರ್ ತಳ್ಳಿಕೊಂಡು ಬಂದ. ಭಾನುಪ್ರಿಯಳ ಕೈ ತಾನಾಗಿ ತನ್ನ ವೇಲಿನ ಕಡೆ ಹೋಯಿತು, ತಾನೀಗ ಆರೋಪಿ ಎಂಬುದು ನೆನಪಾಗಿ ಅರ್ಧಕ್ಕೇ ನಿಂತಿತು. ವರಲಕ್ಷ್ಮಿ ಅದನ್ನು ನೋಡಿದಳು. ದಾರಿಯುದ್ದಕ್ಕೂ ಅವಳು ಭಾನುಪ್ರಿಯಳ ಜೊತೆ ಒಂದೂ ಮಾತಾಡಿರಲಿಲ್ಲ, ಮುಖವನ್ನೂ ನೋಡಿರಲಿಲ್ಲ. ಈಗ ತಾಯಿಯ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು, ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅವಳ ಕಡೆ ಚಾಚಿದಳು.

“ಹಿಡ್ಕೊ ಸಿಸ್ಟ್ರೇ. ನನಗೆ ಹಾಸೋದು ಗೊತ್ತಿಲ್ಲ. ನೀನೇ ತೋರಿಸು.”

ಭಾನುಪ್ರಿಯ ನವ್ಯಶ್ರೀಯ ಮುಖ ನೋಡಿದಳು. ನವ್ಯಶ್ರೀ ಅವಳ ಕೈ ಬಿಟ್ಟಳು. ಇಬ್ಬರೂ ಬಗ್ಗಿ ಕಂಬಳಿಯನ್ನು ಸುಕ್ಕಿಲ್ಲದ ಹಾಗೆ ನೆಲಕ್ಕೆ ಹಾಸಿದರು. ಭದ್ರಮ್ಮ ಕೋಲಿನಿಂದ ಒಮ್ಮೆ ತಟ್ಟಿ ನೋಡಿ, ನೆಲವೇ ಎಂದು ಖಾತ್ರಿ ಮಾಡಿಕೊಂಡು, ಬಲಗಾಲಿಟ್ಟು ಒಳಗೆ ಬಂದಳು. ಕಂಬಳಿ ಮುಗಿದಲ್ಲಿ ಮತ್ತೆ ನಿಂತಳು. ಜಯಕುಮಾರ್ ಸದ್ದಿಲ್ಲದೆ ತಮ್ಮ ಸ್ವೆಟರ್ ಬಿಚ್ಚಿ ಕೊಟ್ಟರು.